ಅಪ್‌ಡೇಟ್: ಸೀಗಡಿ ಸಾಯ್ತಿದ್ದ ಕಾರಣ ಸಿಕ್ಕಿತು

ತೀರ್ಥಹಳ್ಳಿ ಮನೆಯ ಉಪ್ಪುನೀರಿನ ರೀಫ್ ಟ್ಯಾಂಕಲ್ಲಿ (ಹವಳ ಸಾಕುವ ಅಕ್ವೇರಿಯಂ) ಸೀಗಡಿ ಒಂದೊಂದೇ ಸಾಯ್ತಿವೆ, ಹವಳ ಮುದುಡಿದೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ. ನೀವು ಹೇಳಿದ ಹಾಗೆ ವೇವ್‌ಮೇಕರ್ (ಟ್ಯಾಂಕಲ್ಲಿ ಅಲೆ ಎಬ್ಬಿಸೋ ಪಂಪ್) ಬಿಚ್ಚಿದೆ. ಅದರೊಳಗಿನ ಅಯಸ್ಕಾಂತದ ಮೇಲಿನ ಎಪಾಕ್ಸಿ (ನೀರು ತಾಗದಂತೆ ಹಚ್ಚೋ ಗಟ್ಟಿ ಅಂಟು) ಕೂದಲೆಳೆಯಷ್ಟು ಸೀಳಿತ್ತು; ಒತ್ತಿದರೆ ಕಂದು ಕೆಸರು ಬಂತು. ಇಂಥ ನಿಯೋಡಿಮಿಯಂ ಅಯಸ್ಕಾಂತಕ್ಕೆ ಸಾಮಾನ್ಯವಾಗಿ ನಿಕ್ಕಲ್, ತಾಮ್ರದ ಲೇಪ ಇರುತ್ತೆ. ತಾಮ್ರ ಚೂರು ಸೇರಿದರೂ ಸೀಗಡಿಗೆ ವಿಷ. ವಿನೆಗರ್‌ನಲ್ಲಿ ತೊಳೆದು ಮತ್ತೆ ಹಾಕೋ ಯೋಚನೆ ಬಿಟ್ಟು ಎಸೆದೆ. ಪೈಪಿನ ಸ್ಟೀಲ್ ಕ್ಲಿಪ್ಪೂ ತುಕ್ಕು ಹಿಡಿದಿತ್ತು, ಈಗ ಪ್ಲಾಸ್ಟಿಕ್ ಹಾಕಿದ್ದೇನೆ.

ನೀರು ಸೋಸೋಕೆ ಆಕ್ಟಿವೇಟೆಡ್ ಕಾರ್ಬನ್ ಇಟ್ಟು, ಆರ್‌ಒ ನೀರಿಗೆ ಉಪ್ಪು ಬೆರೆಸಿ ಸಾಪೇಕ್ಷ ಸಾಂದ್ರತೆಯನ್ನು (ಉಪ್ಪಿನಂಶದ ಅಳತೆ) 1.025ಕ್ಕೆ ತಂದು, ವಾರಕ್ಕೊಮ್ಮೆ ಟ್ಯಾಂಕಿನ 20% ನೀರು ಬದಲಿಸಿದೆ. ಈ ಮಳೆಗಾಲದ ತೇವಕ್ಕೆ ಲೈಟಿನ ಹಿತ್ತಾಳೆ ಸ್ಕ್ರೂಗಳೂ ಹಸಿರುಗಟ್ಟಿವೆ; ಹಿತ್ತಾಳೆಯಲ್ಲೂ ತಾಮ್ರ ಇರೋದ್ರಿಂದ ಅವನ್ನೂ ತೆಗೀಬೇಕು. ಇವತ್ತು ಮಧ್ಯಾಹ್ನ, ಮುದುಡಿದ್ದ ಹವಳ (ಜೊಯಾಂಥಿಡ್) ಪೂರ್ತಿ ಅರಳಿತ್ತು. ಉಳಿದ ಒಂದೇ ಸೀಗಡಿ ಪೊರೆ ಕಳಚಿ ಓಡಾಡ್ತಿದೆ. ತುಂಬಾ ಥ್ಯಾಂಕ್ಸ್.