ಅಪ್ಪನ ಮಳೆ ಪುಸ್ತಕ: ಪಾಂಡಾಸ್ ಇದೆ ಅನ್ನುತ್ತದೆ ಪಿಪ್, ಇಲ್ಲ ಅನ್ನುತ್ತದೆ ಪೈಥಾನ್

ಸುಂಟಿಕೊಪ್ಪ ರೈಟರ್:

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಮಸ್ಟರ್ ಬರೆಯುವುದು, ಸಂಬಳದ ಲೆಕ್ಕ, ಗೊಬ್ಬರದ ಸ್ಟಾಕ್, ಇದು ನನ್ನ ಕೆಲಸ. ನನಗಿಂತ ಮೊದಲು ನಮ್ಮಪ್ಪ ಇದೇ ತೋಟದಲ್ಲಿ ರೈಟರ್ ಆಗಿದ್ದರು. 1986ರಿಂದ ದಿನಾ ಬೆಳಿಗ್ಗೆ 8 ಗಂಟೆಗೆ ಮಳೆ ಅಳೆದು, ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವರು ತೀರಿಕೊಂಡ ಮೇಲೆ ನಾನು ಬರೆಯುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ.

ಆಗಸ್ಟ್ 2018ರ ಪುಟಗಳಲ್ಲಿ ಶಾಯಿ ಹರಡಿಕೊಂಡಿದೆ. ಆ ವಾರ ಮಡಿಕೇರಿ ಕಡೆ ಗುಡ್ಡಗಳು ಜಾರಿದ ದಿನಗಳಲ್ಲಿ ಆಫೀಸ್ ಕೋಣೆಯೂ ಸೋರುತ್ತಿತ್ತು. ಇನ್ನೊಂದು ಅಂಥ ಮಳೆ ಬಂದರೆ ಪುಸ್ತಕ ಉಳಿಯಲ್ಲ ಅಂತ ಅವತ್ತೇ ಅನಿಸಿತು. ಹಾಗಾಗಿ ಎರಡು ವರ್ಷದಿಂದ ರಾತ್ರಿ ಹೊತ್ತು ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. 1986ರಿಂದ 2024ರವರೆಗೆ, ವರ್ಷಕ್ಕೊಂದು ಫೈಲ್, ಒಟ್ಟು 39 ಫೈಲ್. 14,000ಕ್ಕೂ ಜಾಸ್ತಿ ಸಾಲು. ಈಗ ಪ್ರತಿ ವರ್ಷ ಕಾಫಿ ಹೂ ಅರಳಿಸುವ ಮೊದಲ ಹೂ ಮಳೆ ಯಾವ ದಿನ ಬಿತ್ತು, ಅದಾಗಿ ಎಷ್ಟು ದಿನಕ್ಕೆ ಆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತು ಅಂತ ಒಟ್ಟಿಗೆ ನೋಡಬೇಕು. ಎಕ್ಸೆಲ್‌ನಲ್ಲಿ ಒಂದೊಂದೇ ಫೈಲ್ ತೆರೆದು ನೋಡುವುದು ಆಗದ ಕೆಲಸ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ್ದು ಅದಕ್ಕೇ.

ತೊಂದರೆ ಇದು. ಕಪ್ಪು ಕಿಟಕಿಯಲ್ಲಿ, ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಪಿಪ್ ಇನ್‌ಸ್ಟಾಲ್ ಪಾಂಡಾಸ್ ಅಂತ ಕೊಟ್ಟೆ. ಪಿಪ್ ಅಂದರೆ ಪೈಥಾನ್‌ಗೆ ಬೇಕಾದ ಸಾಮಾನು ತರಿಸುವ ಪ್ರೋಗ್ರಾಂ, ಪಾಂಡಾಸ್ ಅಂದರೆ ದೊಡ್ಡ ಪಟ್ಟಿಗಳ ಲೆಕ್ಕ ಮಾಡುವ ಸಾಮಾನು. ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್ ಅಂತ ಬಂತು. ಆಮೇಲೆ ಪೈಥಾನ್ ಜೊತೆಗೇ ಬರುವ, ಕೋಡ್ ಬರೆದು ಓಡಿಸುವ ಐಡಲ್ ತೆರೆದು, ಮೊದಲ ಸಾಲಿನಲ್ಲಿ ಇಂಪೋರ್ಟ್ ಪಾಂಡಾಸ್ ಅಂತ ಬರೆದು ಎಫ್5 ಒತ್ತಿದರೆ ಕೆಂಪು ಅಕ್ಷರದಲ್ಲಿ ಹೀಗೆ ಬರುತ್ತದೆ:

ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್

ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್’ ಅನ್ನುತ್ತದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ನಾಲ್ಕು ದಿನದಿಂದ ಇದೇ. ಒಂದು ಕಡೆ ಇದೆ ಅನ್ನುತ್ತದೆ, ಇನ್ನೊಂದು ಕಡೆ ಇಲ್ಲ ಅನ್ನುತ್ತದೆ. ಯಾವುದನ್ನು ನಂಬಲಿ?

ವಿಂಡೋಸ್ 10 ಲ್ಯಾಪ್‌ಟಾಪ್. ನನ್ನ ಕೀಬೋರ್ಡ್ ಕನ್ನಡಕ್ಕೆ ಇಟ್ಟಿರುವುದರಿಂದ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಕ್ಷಮಿಸಿ.

ಕುಶಾಲನಗರ 571:

ನನಗೂ ಹೀಗೆ ಆಗಿತ್ತು. ಪಾಂಡಾಸ್ ಫೋಲ್ಡರ್ ಎಲ್ಲಿದೆ ಅಂತ ಹುಡುಕಿ, ಅದನ್ನು ಕಾಪಿ ಮಾಡಿ ಐಡಲ್‌ನ ಪೈಥಾನ್ ಇರುವ ಸೈಟ್-ಪ್ಯಾಕೇಜಸ್ ಒಳಗೆ ಹಾಕಿ. ಇಲ್ಲಾಂದ್ರೆ ಪೈಥಾನ್‌ಪಾತ್ ಅಂತ ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್ ಮಾಡಿ ಆ ಫೋಲ್ಡರ್ ದಾರಿ ಕೊಡಿ.

ಲ್ಯಾಬ್ ಟೀಚರ್, ವಿರಾಜಪೇಟೆ:

ರೈಟರ್ ಸರ್, ದಯವಿಟ್ಟು ಫೋಲ್ಡರ್ ಕಾಪಿ ಮಾಡಬೇಡಿ. ಕಾರಣ ಕೊನೆಗೆ ಹೇಳುತ್ತೇನೆ.

ನೀವು ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಎರಡನ್ನೂ ನಂಬಿ. ಎರಡೂ ನಿಜ ಹೇಳುತ್ತಿವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಪೈಥಾನ್ ಇರಬೇಕು. ನಿಮ್ಮ ತೋಟದಲ್ಲಿ ಮೇಲೊಂದು, ಕೆಳಗೊಂದು ಗೋಡೌನ್ ಇದೆ ಅಂದುಕೊಳ್ಳಿ. ಲಾರಿಯವನು ಗೊಬ್ಬರವನ್ನು ಮೇಲಿನ ಗೋಡೌನ್‌ನಲ್ಲಿ ಇಳಿಸಿ ಹೋದ. ನೀವು ಕೆಳಗಿನ ಗೋಡೌನ್ ಬೀಗ ತೆಗೆದು ಹುಡುಕುತ್ತಿದ್ದೀರಿ. ಮತ್ತೆ ಕೇಳಿದರೆ ಅವನು ‘ಆಗಲೇ ಇಳಿಸಿದ್ದೀನಲ್ಲ’ ಅನ್ನುತ್ತಾನೆ. ಪ್ರತಿ ಪೈಥಾನ್‌ಗೂ ತನ್ನದೇ ಸೈಟ್-ಪ್ಯಾಕೇಜಸ್ ಅನ್ನೋ ಗೋಡೌನ್ ಇರುತ್ತದೆ. ಒಂದರಲ್ಲಿ ಇಟ್ಟದ್ದು ಇನ್ನೊಂದಕ್ಕೆ ಕಾಣುವುದಿಲ್ಲ.

ಊಹೆ ಸಾಕು, ನೋಡಿಯೇ ಬಿಡೋಣ. ಐಡಲ್ ತೆರೆದು ಈ ಎರಡು ಸಾಲು ಕೊಡಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)

ಈಗ ಓಡುತ್ತಿರುವ ಪೈಥಾನ್ ಯಾವ ಫೋಲ್ಡರ್‌ನದು ಅಂತ ಅದು ಹೇಳುತ್ತದೆ. ಆಮೇಲೆ ಕಪ್ಪು ಕಿಟಕಿಯಲ್ಲಿ ಈ ಎರಡು ಕೊಡಿ:

ಪಿಪ್ --ವರ್ಷನ್
ಪಿವೈ -0ಪಿ

ಮೊದಲನೆಯದರ ಉತ್ತರದ ಕೊನೆಯಲ್ಲಿ ಕಂಸದೊಳಗೆ ಪೈಥಾನ್‌ನ ನಂಬರ್ ಇರುತ್ತದೆ. ಪಿಪ್ ಯಾವ ಪೈಥಾನ್‌ಗೆ ಸಾಮಾನು ತರುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. ಎರಡನೆಯದು ನಿಮ್ಮಲ್ಲಿರುವ ಪೈಥಾನ್‌ಗಳನ್ನೆಲ್ಲ ದಾರಿ ಸಮೇತ ಪಟ್ಟಿ ಮಾಡುತ್ತದೆ. ಪಿ, ವೈ ಎರಡೇ ಅಕ್ಷರ, ಆಮೇಲೆ ಜಾಗ ಬಿಟ್ಟು ಅಡ್ಡಗೆರೆ, ಸೊನ್ನೆ, ಪಿ. ಮೂರೂ ಉತ್ತರ ಇಲ್ಲಿ ಹಾಕಿ ಸರ್.

ಕಾಪಿ ಬೇಡ ಅಂದದ್ದು ಯಾಕೆ ಅಂದರೆ, ಪಾಂಡಾಸ್ ಪೂರ್ತಿ ಪೈಥಾನ್‌ನಲ್ಲಿ ಬರೆದದ್ದಲ್ಲ. ಅದರ ಒಳಗೆ, ಅದು ನಿಂತಿರುವ ನಂಪೈ ಒಳಗೆ, ಮೊದಲೇ ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಬದಲಾಯಿಸಿದ ಭಾಗಗಳಿವೆ. ಅವು ಪೈಥಾನ್ 3.12 ಆವೃತ್ತಿಗೆ ಬೇರೆ, 3.13ಕ್ಕೆ ಬೇರೆ. ಒಂದರದ್ದನ್ನು ಎತ್ತಿ ಇನ್ನೊಂದಕ್ಕೆ ಹಾಕಿದರೆ ಈ ಎರರ್ ಹೋಗಿ ಅರ್ಥವಾಗದ ಬೇರೆ ಎರರ್ ಬರುತ್ತದೆ. ಪೈಥಾನ್‌ಪಾತ್ ಕೊಟ್ಟರೂ ಅದೇ ಕಥೆ. ಪೂರ್ತಿ ಪೈಥಾನ್‌ನಲ್ಲೇ ಬರೆದ ಸಣ್ಣ ಮಾಡ್ಯೂಲ್ ಆಗಿದ್ದರೆ ನಡೆದುಹೋಗುತ್ತದೆ. ಕುಶಾಲನಗರದವರಿಗೆ ಹಾಗೆ ನಡೆದಿರಬಹುದು.

ಸುಂಟಿಕೊಪ್ಪ ರೈಟರ್:

ಮೇಡಂ, ಬಹಳ ಉಪಕಾರ. ನೀವು ಹೇಳಿದ ಹಾಗೇ ಇದೆ. ಐಡಲ್‌ನಲ್ಲಿ ಬಂದ ದಾರಿಯ ಕೊನೆಯಲ್ಲಿ ಪೈಥಾನ್313, ಅದಾದ ಮೇಲೆ ಪೈಥಾನ್‌ಡಬ್ಲ್ಯೂ ಅಂತ ಇದೆ. ಪಿಪ್ ವರ್ಷನ್ ಕೇಳಿದರೆ ಕಂಸದಲ್ಲಿ ಪೈಥಾನ್ 3.12 ಅನ್ನುತ್ತದೆ. ಪಟ್ಟಿಯಲ್ಲಿ ಎರಡೂ ಇವೆ. 3.13ರ ಮುಂದೆ ಒಂದು ನಕ್ಷತ್ರ ಇದೆ. 3.12ರ ದಾರಿಯಲ್ಲಿ ವಿಂಡೋಸ್‌ಆ್ಯಪ್ಸ್ ಅಂತ ಬರುತ್ತದೆ.

ಈಗ ನೆನಪಾಯಿತು. ಹೋದ ವರ್ಷ ಒಂದು ವಿಡಿಯೋ ನೋಡಿ ಕಪ್ಪು ಕಿಟಕಿಯಲ್ಲಿ ಪೈಥಾನ್ ಅಂತ ಟೈಪ್ ಮಾಡಿದ್ದೆ. ಆಗ ವಿಂಡೋಸ್‌ನ ಸ್ಟೋರ್ ತೆರೆದುಕೊಂಡಿತು. ಅಲ್ಲಿ ಗೆಟ್ ಒತ್ತಿದೆ. ಈ ವರ್ಷ ಬೇರೆ ಪಾಠ ನೋಡುವಾಗ ಪೈಥಾನ್.ಆರ್ಗ್‌ನಿಂದ ಇಳಿಸಿಕೊಳ್ಳಿ ಅಂದರು, ಹಾಗೂ ಮಾಡಿದೆ. ಮೊದಲನೆಯದು ಹಾಗೇ ಉಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಲ್ಯಾಬ್ ಟೀಚರ್, ವಿರಾಜಪೇಟೆ:

ನೀವು ತಪ್ಪೇನೂ ಮಾಡಿಲ್ಲ ಸರ್. ನನ್ನ ಲ್ಯಾಬ್‌ನಲ್ಲಿ ಮಕ್ಕಳು ತರುವ ಹತ್ತು ಇಂಪೋರ್ಟ್ ಎರರ್‌ನಲ್ಲಿ ಏಳೆಂಟು ಇದೇ. ಪೈಥಾನ್.ಆರ್ಗ್ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ ‘ಆ್ಯಡ್ ಪೈಥಾನ್.ಇಎಕ್ಸ್ಇ ಟು ಪಾತ್’ ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ನಾವೇ ಟಿಕ್ ಹಾಕಬೇಕು. ಹಾಕದಿದ್ದರೆ ಕಪ್ಪು ಕಿಟಕಿಗೆ ಹೊಸ ಪೈಥಾನ್ ಇರುವುದೇ ತಿಳಿಯುವುದಿಲ್ಲ. ಪಿಪ್ ಅಂದ ಕೂಡಲೇ ಹಳೆಯದನ್ನೇ ಹಿಡಿಯುತ್ತದೆ.

ಇನ್ನು ಮೇಲೆ ಬರೀ ಪಿಪ್ ಅಂತ ಕೊಡಬೇಡಿ. ಯಾವ ಪೈಥಾನ್‌ಗೆ ಬೇಕು ಅಂತ ಹೆಸರು ಹಿಡಿದು ಕರೆಯಿರಿ:

ಪಿವೈ -3.13 -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್

‘3.13 ಪೈಥಾನ್, ನಿನ್ನ ಪಿಪ್ ಕರೆದು ನಿನ್ನ ಗೋಡೌನ್‌ಗೆ ಪಾಂಡಾಸ್ ತರಿಸು’ ಅಂತ ಇದರ ಅರ್ಥ. ಇದಕ್ಕೆ ಆ ಚೌಕದ ಟಿಕ್ ಕೂಡ ಬೇಡ. ಐಡಲ್‌ನಲ್ಲಿ ಕಂಡ ಪೈಥಾನ್‌ಡಬ್ಲ್ಯೂ ಬಗ್ಗೆ ಯೋಚನೆ ಬೇಡ. ಅದೂ 3.13ರದ್ದೇ, ಕಪ್ಪು ಕಿಟಕಿ ತೆರೆಯದೆ ಓಡುತ್ತದೆ, ಅಷ್ಟೇ. ಪಾಂಡಾಸ್ ಬಂದ ಮೇಲೆ ಹಳೆಯ 3.12 ನಿಮಗೆ ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ತೆಗೆದುಬಿಡಿ. ಅದು ಇದ್ದಷ್ಟು ದಿನ ಈ ಗೊಂದಲ ಮತ್ತೆ ಬರುತ್ತಲೇ ಇರುತ್ತದೆ.

ಇನ್ನೊಂದು ಮಾತು. ನಿಮ್ಮ ಫೈಲ್‌ಗೆ ಪಾಂಡಾಸ್.ಪಿವೈ ಅಂತ ಹೆಸರು ಇಡಬೇಡಿ. ಇಂಪೋರ್ಟ್ ಅಂದಾಗ ಪೈಥಾನ್ ಮೊದಲು ನೋಡುವುದು ನಿಮ್ಮ ಫೈಲ್ ಇರುವ ಫೋಲ್ಡರನ್ನೇ. ಗೋಡೌನ್‌ಗೆ ಹೋಗುವುದು ಆಮೇಲೆ. ಅಲ್ಲೇ ಆ ಹೆಸರಿನ ಫೈಲ್ ಸಿಕ್ಕಿದರೆ ಅದನ್ನೇ ಪಾಂಡಾಸ್ ಅಂದುಕೊಳ್ಳುತ್ತದೆ. ಮಳೆ.ಪಿವೈ ಅಂತ ಇಟ್ಟುಕೊಳ್ಳಿ, ಚೆನ್ನಾಗಿರುತ್ತದೆ.

ನಾಪೋಕ್ಲು ಹುಡುಗ:

ರೈಟರ್ ಅಣ್ಣ, ನಿಮ್ಮ ಪುಸ್ತಕದ ವಿಷಯ ಓದಿ ತುಂಬಾ ಖುಷಿಯಾಯಿತು. ನಾನೂ ನಮ್ಮ ಮನೆ ಹತ್ತಿರ ತಾನೇ ಅಳೆಯುವ ಮಳೆ ಮಾಪಕ ಇಟ್ಟಿದ್ದೇನೆ. ಒಳಗೆ ಪುಟ್ಟ ತಕ್ಕಡಿಯಂಥ ಬಟ್ಟಲು ಇರುತ್ತದೆ. ಸಣ್ಣ ಅಳತೆಯ ನೀರು ತುಂಬಿದ ಕೂಡಲೇ ಮಗುಚಿ ಲೆಕ್ಕ ಒಂದು ಏರುತ್ತದೆ. ಅದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ವೈರ್‌ನಲ್ಲಿ ಸೇರಿದೆ. ನನಗೆ ಆದದ್ದು ಹೇಳುತ್ತೇನೆ, ಇಲ್ಲಿ ಓದುವ ಬೇರೆಯವರಿಗೂ ಬೇಕಾಗಬಹುದು.

ಕೋಡ್‌ನಲ್ಲಿ ಇಂಪೋರ್ಟ್ ಸೀರಿಯಲ್ ಅಂತ ಇತ್ತು. ಹಾಗಾಗಿ ಪಿಪ್ ಇನ್‌ಸ್ಟಾಲ್ ಸೀರಿಯಲ್ ಅಂತ ಕೊಟ್ಟೆ. ಇನ್‌ಸ್ಟಾಲ್ ಆಯಿತು, ಇಂಪೋರ್ಟ್ ಕೂಡ ಆಯಿತು, ಆದರೆ ಸೀರಿಯಲ್ ಪೋರ್ಟ್ ತೆರೆಯುವ ಸಾಲಿನಲ್ಲಿ ನಿಂತಿತು. ಆ ಹೆಸರಿನದು ಬೇರೆಯೇ ಮಾಡ್ಯೂಲ್. ನಮಗೆ ಬೇಕಾದದ್ದನ್ನು ಪೈಸೀರಿಯಲ್ ಅಂತ ಇನ್‌ಸ್ಟಾಲ್ ಮಾಡಬೇಕು, ಸೀರಿಯಲ್ ಅಂತ ಇಂಪೋರ್ಟ್ ಮಾಡಬೇಕು. ಹೀಗೆ ಎರಡು ಹೆಸರು ಇರುವವು ಇನ್ನೂ ಇವೆ. ಪಿಲ್ಲೋ ಇನ್‌ಸ್ಟಾಲ್ ಮಾಡಿ ಪಿಐಎಲ್ ಅಂತ ಕರೆಯಬೇಕು. ಓಪನ್‌ಸಿವಿ-ಪೈಥಾನ್ ಹಾಕಿ ಸಿವಿ2 ಅಂತ ಕರೆಯಬೇಕು. ಸೈಕಿಟ್-ಲರ್ನ್ ಹಾಕಿದರೆ ಎಸ್‌ಕೆಲರ್ನ್.

ಆಮೇಲೆ ರಾಸ್ಪ್‌ಬೆರಿ ಪೈಯನ್ನು ಡೆಬಿಯನ್ 12 ಅನ್ನೋ ಲಿನಕ್ಸ್ ಆವೃತ್ತಿಗೆ ಏರಿಸಿದೆ. ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅಂತ ಹೇಳಿ ಇನ್‌ಸ್ಟಾಲ್ ಮಾಡಲು ಒಪ್ಪಲಿಲ್ಲ. ಸಿಸ್ಟಮ್‌ನ ಪೈಥಾನನ್ನು ಕೆಡಿಸಬಾರದು ಅಂತ ಅದು ತಡೆಯುತ್ತದೆ. ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಅಂತ ಸೇರಿಸಿದರೆ ಬಿಟ್ಟುಕೊಡುತ್ತದೆ, ಆದರೆ ಹಾಗೆ ಮಾಡಬೇಡಿ. ಪೈಥಾನ್3 -ಎಂ ವಿಎನ್ವ್ ಮಳೆ ಅಂತ ಕೊಟ್ಟು ಬೇರೆ ಮನೆ ಮಾಡಿಕೊಂಡು, ಅದರೊಳಗೆ ಪೈಸೀರಿಯಲ್ ಹಾಕಿದೆ. ಕೈಯಲ್ಲಿ ಓಡಿಸಿದರೆ ಚೆನ್ನಾಗಿ ಓಡಿತು. ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕಿದರೆ ಮತ್ತೆ ನೋ ಮಾಡ್ಯೂಲ್! ಎರಡು ದಿನದ ಮಳೆ ಲೆಕ್ಕ ಹೋಯಿತು, ಇವತ್ತಿಗೂ ಬೇಜಾರಿದೆ. ಕ್ರಾನ್ ಸಿಸ್ಟಮ್‌ನ ಪೈಥಾನ್ ಹಿಡಿದಿತ್ತು. ಮಳೆ ಫೋಲ್ಡರ್‌ನ ಬಿನ್ ಒಳಗಿರುವ ಪೈಥಾನ್‌ನ ಪೂರ್ತಿ ದಾರಿ ಬರೆದ ಮೇಲೆ ಸರಿಯಾಯಿತು. ಟೀಚರ್ ಹೇಳಿದ ಎರಡು ಗೋಡೌನ್ ಕಥೆ ಅಲ್ಲೂ ಅದೇ.

ಸುಂಟಿಕೊಪ್ಪ ರೈಟರ್:

ಮೇಡಂ, ಪಾಂಡಾಸ್ ಬಂತು! ಇಂಪೋರ್ಟ್ ಸಾಲು ಸುಮ್ನೆ ದಾಟಿ ಹೋಯಿತು. ಆದರೆ ಫೈಲ್ ಓದುವ ಸಾಲಿನಲ್ಲಿ ಹೊಸದೊಂದು ಬಂದಿದೆ:

ಇಂಪೋರ್ಟ್‌ಎರರ್: ಮಿಸ್ಸಿಂಗ್ ಆಪ್ಷನಲ್ ಡಿಪೆಂಡೆನ್ಸಿ ಓಪನ್‌ಪೈಎಕ್ಸ್‌ಎಲ್

ಅದನ್ನು ತರಿಸೋಣ ಅಂದರೆ ಮಧ್ಯಾಹ್ನದಿಂದ ಇಲ್ಲಿ ಗಾಳಿ, ಮಳೆ. ಕರೆಂಟ್ ಇಲ್ಲ, ಟವರ್ ಬರುತ್ತಿದೆ, ಹೋಗುತ್ತಿದೆ. ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಇದನ್ನು ತೋಟದ ಗೇಟ್ ಹತ್ತಿರ ನಿಂತು ಮೊಬೈಲ್‌ನಲ್ಲಿ ಬರೆಯುತ್ತಿದ್ದೇನೆ.

ಲ್ಯಾಬ್ ಟೀಚರ್, ವಿರಾಜಪೇಟೆ:

ಅದು ಒಳ್ಳೆಯ ಸುದ್ದಿ ಸರ್. ಪಾಂಡಾಸ್ ಸರಿಯಾಗಿ ಕೂತಿದೆ. ಎಕ್ಸೆಲ್ ಫೈಲ್ ಬಿಚ್ಚಲು ಮಾತ್ರ ಅದಕ್ಕೆ ಇನ್ನೊಬ್ಬರ ಸಹಾಯ ಬೇಕು. ಎಲ್ಲರಿಗೂ ಬೇಕಾಗುವುದಿಲ್ಲ ಅಂತ ಅದನ್ನು ಜೊತೆಯಲ್ಲೇ ತರುವುದಿಲ್ಲ. ಹೆಸರಿನ ಕೊನೆಯಲ್ಲಿ ಎಕ್ಸ್, ಎಲ್ ಎರಡೇ ಅಕ್ಷರ, ನೋಡಿಕೊಳ್ಳಿ.

ನೆಟ್ ಇಲ್ಲದಿದ್ದರೆ ಪೆನ್‌ಡ್ರೈವ್ ದಾರಿ ಇದೆ. ಮಳೆಗಾಲದಲ್ಲಿ ನಮ್ಮ ಲ್ಯಾಬ್ ನಡೆಯುವುದೇ ಹಾಗೆ. ನೆಟ್ ಇರುವ ಕಂಪ್ಯೂಟರ್‌ನಲ್ಲಿ, ಅಲ್ಲೂ ವಿಂಡೋಸ್ ಮತ್ತು 3.13 ಇರಬೇಕು, ಪೆನ್‌ಡ್ರೈವ್ ಹಾಕಿ ಹೀಗೆ ಕೊಡಿ. ಡಿ:\ ಅನ್ನುವ ಕಡೆ ಡಿ ಬದಲು ನಿಮ್ಮ ಪೆನ್‌ಡ್ರೈವ್‌ನ ಅಕ್ಷರ ಹಾಕಿ, ಅಡ್ಡಗೆರೆಯ -ಡಿ ಹಾಗೇ ಇರಲಿ:

ಪಿವೈ -3.13 -ಎಂ ಪಿಪ್ ಡೌನ್‌ಲೋಡ್ ಓಪನ್‌ಪೈಎಕ್ಸ್‌ಎಲ್ -ಡಿ ಡಿ:\ಸಾಮಾನು

ಆ ಫೋಲ್ಡರ್ ಮನೆಗೆ ತಂದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ:

ಪಿವೈ -3.13 -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಡಿ:\ಸಾಮಾನು ಓಪನ್‌ಪೈಎಕ್ಸ್‌ಎಲ್

ನೋ-ಇಂಡೆಕ್ಸ್ ಅಂದರೆ ಇಂಟರ್ನೆಟ್ ಕಡೆ ನೋಡಬೇಡ ಅಂತ. ಫೈಂಡ್-ಲಿಂಕ್ಸ್ ಅಂದರೆ ಈ ಫೋಲ್ಡರ್‌ನಲ್ಲಿ ಹುಡುಕು ಅಂತ.

ಸುಂಟಿಕೊಪ್ಪ ರೈಟರ್:

ಇವತ್ತು ಸಂತೆಗೆ ಹೋದಾಗ ಪೇಟೆಯಲ್ಲಿ ಪರಿಚಯದವರ ಅಂಗಡಿಯ ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬಂದೆ. ಎರಡನೇ ಕಮಾಂಡ್ ಕೊಟ್ಟೆ, ನೆಟ್ ಇಲ್ಲದೆಯೇ ಹತ್ತು ಸೆಕೆಂಡಿನೊಳಗೆ ಆಯಿತು. ಹಳೆಯ 3.12 ತೆಗೆದುಹಾಕಿದೆ.

39 ಫೈಲೂ ಓದಿತು ಮೇಡಂ. ಅಪ್ಪ ಬರೆದ ಮೊದಲ ದಿನ ಮತ್ತು ನಾನು ಬರೆದ ಕೊನೆಯ ದಿನ ಒಂದೇ ಪಟ್ಟಿಯಲ್ಲಿ ಮೇಲೆ, ಕೆಳಗೆ ಬಂದವು. ಮನೆಯವರನ್ನು ಕರೆದು ತೋರಿಸಿದೆ. ಇಂಚಿಗೆ 25.4ರಂತೆ ಗುಣಿಸಿ ಮಿಲಿಮೀಟರ್‌ಗೂ ಬದಲಾಯಿಸಿದೆ. 2 ಇಂಚು 35 ಸೆಂಟ್ ಬಿದ್ದ ದಿನಕ್ಕೆ 59.69 ಬಂತು. ಕೈಯಲ್ಲೂ ಲೆಕ್ಕ ಹಾಕಿ ನೋಡಿದೆ, ಸರಿ ಇದೆ.

ಒಂದು ಕಡೆ ಮಾತ್ರ ನಿಂತಿದ್ದೇನೆ. ಮಳೆ ಅಳತೆಗೆ ಸಿಗದಷ್ಟು ಕಡಿಮೆ ಇದ್ದ ದಿನ ಅಪ್ಪ ಸೊನ್ನೆ ಹಾಕುತ್ತಿರಲಿಲ್ಲ, ‘ಹನಿ’ ಅಂತ ಬರೆಯುತ್ತಿದ್ದರು. ನಾನೂ ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಿದ್ದೇನೆ. ಈಗ ಆ ಕಾಲಂ ಕೂಡಲು ಹೋದರೆ ಆಗುತ್ತಿಲ್ಲ. ಅಳಿಸಿ ಸೊನ್ನೆ ಹಾಕಲು ನನಗೆ ಮನಸ್ಸಿಲ್ಲ. ಹನಿ ಬಿದ್ದ ದಿನ ಬೇರೆ, ಒಣಗಿದ ದಿನ ಬೇರೆ, ಅಲ್ವಾ?

ಲ್ಯಾಬ್ ಟೀಚರ್, ವಿರಾಜಪೇಟೆ:

ಖಂಡಿತ ಬೇರೆ. ಅಳಿಸಬೇಡಿ ಸರ್. ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅಲ್ಲಿ ಹನಿ ಬಿದ್ದ ದಿನಗಳಿಗೆ ಗುರುತು ಹಾಕೋಣ. ಅಪ್ಪ ಬರೆದ ಕಾಲಂ ಹಾಗೇ ಇರಲಿ, ಲೆಕ್ಕಕ್ಕೆ ಅದರ ನಕಲು ಸಾಕು. ಇಂಪೋರ್ಟ್ ವಿಷಯ ಇಲ್ಲಿಗೆ ಮುಗಿಯಿತು, ಇದನ್ನು ಹೊಸ ಪ್ರಶ್ನೆಯಾಗಿ ಹಾಕಿ. ಜೊತೆಗೆ ಹತ್ತು ಸಾಲು ಮಾದರಿ ಕೊಡಿ, ಹನಿ ಇರುವ ಎರಡು ದಿನ ಅದರಲ್ಲಿರಲಿ. ಮತ್ತೆ, ಆ 39 ಫೈಲ್‌ಗಳನ್ನು ಇವತ್ತೇ ಅದೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೋಟದ ಆಫೀಸ್ ಬಿಟ್ಟು ಬೇರೆ ಎಲ್ಲಾದರೂ ಇಡಿ.