ಜ್ವರ ಇಳಿದ ಮೇಲೆ ಮೂಗಿನ ತುದಿ ಕಪ್ಪಾಗಿದೆ: ಇದು ಚಿಕುನ್‌ಗುನ್ಯವೇ?

ಪ್ರಶ್ನೆ (ಚಳ್ಳಕೆರೆ)

ಕಳೆದ ತಿಂಗಳು ನಮ್ಮ ತಾಯಿಯವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ ಬಂದು, ಮಣಿಕಟ್ಟು ಮತ್ತು ಪಾದದ ಕೀಲುಗಳು ಹಿಡಿದುಕೊಂಡವು. ಮೂರನೆಯ ದಿನ ಎದೆ, ತೋಳುಗಳ ಮೇಲೆ ತುರಿಕೆಯ ಕೆಂಪು ಗಂಧೆಗಳು ಎದ್ದು, ಕೆಲವು ದಿನಗಳಲ್ಲಿ ತಾವಾಗಿಯೇ ಅಡಗಿದವು. ಅದೇ ಮೂರನೆಯ ದಿನ ಮಾಡಿಸಿದ ಐಜಿಎಂ (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪರೀಕ್ಷೆ ನೆಗೆಟಿವ್ ಬಂದಿದ್ದರಿಂದ ಮಾತ್ರೆಯ ಅಲರ್ಜಿ ಇರಬಹುದೆಂದು ಸುಮ್ಮನಾದೆವು. ಈಗ ಮೂಗಿನ ತುದಿಯೂ ಕೆನ್ನೆಗಳೂ ಕಪ್ಪಾಗಿವೆ. ನೆರೆಯವರು ಬಂಗು ಎನ್ನುತ್ತಾರೆ. ಈಗಲೂ ಕಾರಣವನ್ನು ಪತ್ತೆ ಮಾಡಬಹುದೇ?

ಉತ್ತರ 1 (ಚರ್ಮರೋಗ ವೈದ್ಯೆ, ದಾವಣಗೆರೆ)

ಬಂಗು ಸಾಮಾನ್ಯವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಹರಡುತ್ತದೆ. ಜ್ವರ ಮತ್ತು ಕೀಲುನೋವಿನ ಬೆನ್ನಿಗೇ ಮೂಗಿನ ಮೇಲೆ ಹೀಗೆ ಕಪ್ಪು ಕಾಣಿಸಿಕೊಂಡರೆ ನಾವು ಮೊದಲು ನೆನೆಯುವುದು ಚಿಕುನ್‌ಗುನ್ಯವನ್ನು. ಈ ಸೋಂಕಿನಲ್ಲಿ ಗಂಧೆಗಳು ಬಹುಪಾಲು ಜ್ವರದ ಎರಡರಿಂದ ಐದನೆಯ ದಿನದೊಳಗೆ ಏಳುತ್ತವೆ, ಕೆಲವರಿಗೆ ಬಾಯಲ್ಲಿ ಅಥವಾ ತೊಡೆಸಂದಿಯಲ್ಲಿ ಹುಣ್ಣಾಗುತ್ತದೆ, ಹೆಚ್ಚಾಗಿ ಎಳೆ ಕೂಸುಗಳಲ್ಲಿ ನೀರುಗುಳ್ಳೆಗಳು ದೊಡ್ಡದಾಗಿ ಎದ್ದು ಚರ್ಮ ಸುಲಿಯುವುದುಂಟು. ಆದರೆ ಗಂಧೆಯೊಂದನ್ನೇ ನೋಡಿ ರೋಗವನ್ನು ಹೆಸರಿಸಲಾಗದು, ಏಕೆಂದರೆ ಡೆಂಗಿ, ದಡಾರ ಮತ್ತು ಔಷಧದ ಅಲರ್ಜಿಯಲ್ಲಿಯೂ ಆರಂಭದ ಗಂಧೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಡೆಂಗಿಯಲ್ಲಿ ಚೇತರಿಕೆಯ ಹೊತ್ತಿಗೆ ಕೆಂಪು ಚರ್ಮದ ನಡುವೆ ಬಿಳಿಯ ಚುಕ್ಕೆಗಳು ಉಳಿದಂತೆ ಕಾಣುವುದು ಒಂದು ಸುಳಿವು. ಕೀಲುಗಳು ಊದಿ ವಾರಗಟ್ಟಲೆ ನೋಯುವುದು ಚಿಕುನ್‌ಗುನ್ಯದತ್ತ ಬೆರಳು ತೋರಿಸುತ್ತದೆ.

ಕಪ್ಪು ಬಣ್ಣ ಹೆಚ್ಚಿನವರಲ್ಲಿ ಕೆಲವು ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿದರೆ ಸಾಕು. ಔಷಧದಂಗಡಿಯಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮುಗಳನ್ನು ದಯವಿಟ್ಟು ಹಚ್ಚಬೇಡಿ. ಅವುಗಳಿಂದ ಕೆಟ್ಟ ಮುಖಗಳನ್ನು ನಾನು ವಾರವಾರವೂ ನೋಡುತ್ತಿದ್ದೇನೆ.

ಉತ್ತರ 2 (ಪ್ರಯೋಗಾಲಯ ತಂತ್ರಜ್ಞ, ಚಿತ್ರದುರ್ಗ)

ಮೂರನೆಯ ದಿನದ ಐಜಿಎಂ ನೆಗೆಟಿವ್ ಆದರೆ ರೋಗವಿಲ್ಲವೆಂದು ಅರ್ಥವಲ್ಲ. ದೇಹ ಆ ಪ್ರತಿಕಾಯವನ್ನು ಪತ್ತೆಯಾಗುವ ಮಟ್ಟಕ್ಕೆ ತಯಾರಿಸಲು ಸುಮಾರು ಐದು ದಿನ ಬೇಕು. ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಆಗ ವೈರಸ್ಸನ್ನೇ ಪತ್ತೆ ಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆ ಸೂಕ್ತ. ಅನಂತರ ಐಜಿಎಂ ಎಲಿಸಾ, ಅಂದರೆ ಪ್ರಯೋಗಾಲಯದಲ್ಲಿ ಈ ಪ್ರತಿಕಾಯವನ್ನು ಪತ್ತೆ ಮಾಡುವ ಪರೀಕ್ಷೆ. ಐಜಿಎಂ ಸಾಮಾನ್ಯವಾಗಿ ಹಲವು ವಾರಗಳವರೆಗೆ ರಕ್ತದಲ್ಲಿ ಉಳಿಯುವುದರಿಂದ, ನಿಮ್ಮ ತಾಯಿಯವರಿಗೆ ಈಗ ಎಲಿಸಾ ಮಾಡಿಸಿದರೆ ಉತ್ತರ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮಿಷಗಳಲ್ಲಿ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಯೊಂದನ್ನೇ ನಂಬಬೇಡಿ. ಮಾದರಿ ಕೊಡುವಾಗ ಜ್ವರ ಶುರುವಾದ ದಿನಾಂಕವನ್ನು ತಪ್ಪದೆ ಬರೆಸಿ. ಅದಿಲ್ಲದ ವರದಿಯನ್ನು ಓದುವುದು ವೈದ್ಯರಿಗೂ ಕಷ್ಟ.

ಉತ್ತರ 3 (ಹಿರಿಯೂರು)

2006ರಲ್ಲಿ ಈ ಜ್ವರ ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿದಾಗ ನಮ್ಮ ಕಡೆ ಎಷ್ಟೋ ಮಂದಿಯ ಮೂಗು ಹೀಗೆಯೇ ಕಪ್ಪಾಗಿತ್ತು. ನಲ್ಲಿ ನೀರು ದಿನ ಬಿಟ್ಟು ಬರುವ ಊರುಗಳಲ್ಲಿ ಡ್ರಮ್ಮು, ತೊಟ್ಟಿಗಳನ್ನು ತುಂಬಿಡದೆ ವಿಧಿಯಿಲ್ಲ, ಈ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೂ ಮೊಟ್ಟೆಯಿಡಲು ಅದೇ ಬೇಕು. ಮನೆಯಲ್ಲಿ ಮತ್ತೊಬ್ಬರಿಗೆ ಜ್ವರ ಬಂದರೆ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.