ಗಂಡನ್ನ ನೋಡ್ಕೊಳ್ಳೋದಕ್ಕೂ ಕೋಡಿಪೆಂಡೆನ್ಸಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ:
ನನ್ನ ಗಂಡ ಮನೆಗೆ ಬಂದು ಬ್ಯಾಗ್ ಇಡೋ ಸದ್ದಲ್ಲೇ ಅವರ ಮೂಡ್ ಹೇಗಿದೆ ಅಂತ ಗೊತ್ತಾಗ್ಬಿಡುತ್ತೆ, ಸದ್ದು ಜೋರಾಗಿದ್ರೆ ಹೊಟ್ಟೆ ತೊಳಸಿದ ಹಾಗಾಗುತ್ತೆ, ಆಮೇಲೆ ನಂದೇನೇ ಕೆಲಸ ಇದ್ರೂ ಬಿಟ್ಟು ಅವರನ್ನ ಸಮಾಧಾನ ಮಾಡೋದೇ ಆಯ್ತು. ರಾತ್ರಿ ಕುಡಿದು ಬೆಳಿಗ್ಗೆ ಏಳೋಕಾಗ್ದಿದ್ರೆ ಆಫೀಸಿಗೆ ಜ್ವರ ಅಂತ ಫೋನ್ ಮಾಡೋದೂ ನಾನೇ. ಇದು ಕೋಡಿಪೆಂಡೆನ್ಸಿ ಕಣೇ, ಅಂದ್ರೆ ನಮ್ಮನ್ನ ನಾವು ಮರೆತು ಇನ್ನೊಬ್ಬರ ಮೂಡು, ಬೇಕು-ಬೇಡಗಳ ಸುತ್ತಲೇ ಬದುಕೋದು ಅಂತಾಳೆ ಫ್ರೆಂಡು. ಕಟ್ಕೊಂಡವರನ್ನ ನೋಡ್ಕೊಳ್ಳೋದೂ ಕಾಯಿಲೆನಾ?

ಉತ್ತರ 1:
ಕಾಯಿಲೆ ಅಲ್ಲ ಮೇಡಂ. ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಡಿಎಸ್‌ಎಂ ಕೈಪಿಡಿಲಿ ಇದು ಇಲ್ಲ, 1980ರ ದಶಕದಲ್ಲಿ ಸೇರಿಸ್ಬೇಕು ಅಂತ ಪ್ರಸ್ತಾಪ ಬಂದಿತ್ತು, ಒಪ್ಲಿಲ್ಲ. ಅಮೆರಿಕದಲ್ಲಿ ಕುಡಿತ ಬಿಡಿಸೋರು ಕುಡಿಯೋರ ಮನೆಯವರನ್ನ ನೋಡಿ ನೋಡಿ ಗುರುತಿಸಿದ ವಿಷಯ ಇದು. ನೋಡ್ಕೊಳ್ಳೋದು ತಪ್ಪಲ್ಲ, ಆದ್ರೆ ಆ ಜ್ವರದ ಫೋನ್ ಇದ್ಯಲ್ಲ, ಅದ್ರಿಂದ ಕುಡಿತದ ಬಿಸಿ ಅವರಿಗೆ ತಟ್ಟೋದೇ ಇಲ್ಲ, ಪೂರ್ತಿ ನಿಮಗೇ ತಟ್ಟುತ್ತೆ.

ಉತ್ತರ 2:
ಒಂದು ಚಿಕ್ಕ ವಿಷಯಕ್ಕೆ ಆಗಲ್ಲ ಅಂತ ಹೇಳಿ ನೋಡಿ. ಅವರು ಬೇಜಾರು ಮಾಡ್ಕೊಳ್ಳದಿದ್ರೂ ನಿಮಗೆ ಇಡೀ ದಿನ ಏನೋ ಅಪರಾಧ ಮಾಡ್ದಂಗೆ ಅನ್ನಿಸ್ತಾ ಇದ್ರೆ ಅದನ್ನ ಗಮನಿಸ್ಬೇಕು. ಇನ್ನೊಂದು, ಯಾರಾದ್ರೂ ನಿಮಗೇನು ಇಷ್ಟ ಅಂತ ಕೇಳಿದ್ರೆ ಅವರನ್ನ ಕೇಳಿ ಹೇಳ್ತೀನಿ ಅಂತಾನೇ ಬಾಯಿಗೆ ಬರುತ್ತಾ?

ಉತ್ತರ 3:
ಎಲ್ಲದಕ್ಕೂ ಈ ಹೆಸರು ಅಂಟಿಸ್ಬೇಡಿ ದಯವಿಟ್ಟು. ಹೊಡೀತಾರೆ, ಹೆದರಿಸ್ತಾರೆ ಅಂತ ಹೆಂಡ್ತಿ ಮೂಡ್ ನೋಡ್ಕೊಂಡು ಬದುಕ್ತಿದ್ರೆ ಅದು ಅವಳ ಸ್ವಭಾವದ ದೋಷ ಅಲ್ಲ, ದೌರ್ಜನ್ಯ. ಅಲ್ಲಿ ಮೊದಲು ನೋಡ್ಬೇಕಾಗಿರೋದು ಅವಳ ಸೇಫ್ಟಿ. ನಿಮ್ಮನೇಲಿ ಹೇಗಕ್ಕಾ?

ಪ್ರಶ್ನೆ ಕೇಳಿದವರು:
ಕೈ ಮಾಡಲ್ಲ, ಬೈಯೋದೂ ಇಲ್ಲ. ಮಾತು ಬಿಟ್ಬಿಡ್ತಾರೆ ಅಷ್ಟೇ, ನಂಗೆ ಅದೇ ತಡ್ಕೊಳ್ಳೋಕಾಗಲ್ಲ. ಇಷ್ಟ ಏನು ಅನ್ನೋ ಪ್ರಶ್ನೆಗೆ ಈಗಲೂ ಉತ್ತರ ಹೊಳೀತಿಲ್ಲ.

ಉತ್ತರ 1:
ಅಲ್-ಅನಾನ್ ಅಂತ ಕುಡಿಯೋರ ಮನೆಯವರಿಗೇ ಗುಂಪುಗಳಿವೆ, 1951ರಿಂದ ನಡೀತಿವೆ, ಅವರು ಕುಡಿತ ಬಿಡ್ಲಿ ಬಿಡದೇ ಇರ್ಲಿ ನೀವು ಹೋಗ್ಬೋದು. ಕುಡಿತಕ್ಕೆ ನಾನು ಕಾರಣ ಅಲ್ಲ, ನಿಲ್ಸೋದು ನನ್ನ ಕೈಲಿಲ್ಲ, ವಾಸಿ ಮಾಡೋಕೂ ನನ್ನಿಂದಾಗಲ್ಲ ಅನ್ನೋದನ್ನ ಅಲ್ಲಿ ಕಲೀತಾರೆ. ಕೌನ್ಸೆಲರ್ ಹತ್ರ ನೀವೊಬ್ರೇ ಹೋದ್ರೂ ನಡೆಯುತ್ತೆ. ಆಫೀಸಿಗೆ ಇನ್ಮೇಲೆ ನಾನು ಫೋನ್ ಮಾಡಲ್ಲ ಅಂತ ಅವರು ಕುಡೀದೇ ಇರೋ ಹೊತ್ತಲ್ಲಿ ಮುಂಚೇನೇ ಹೇಳ್ಬಿಡಿ. ಒಂದು ಎಚ್ಚರ, ದಿನಾ ಜಾಸ್ತಿ ಕುಡಿಯೋರು ಇದ್ದಕ್ಕಿದ್ದಂಗೆ ನಿಲ್ಸಿದ್ರೆ ಫಿಟ್ಸ್ ಬರ್ಬೋದು, ಬಿಡ್ತೀನಿ ಅಂದ್ರೆ ಮೊದಲು ಡಾಕ್ಟರ್ ಹತ್ರ ಕಳ್ಸಿ.